ಒಣಗಿದ ಹಾಳೆಯ ಅಳತೆ

"ಪೆನ್ನು ಇದೆಯಾ, ನಂದೇ ಕೊಡ್ಲಾ?" ಎಂದು ಕೇಳಿದರು ಗ್ಯಾಲರಿಯ ಯಜಮಾನರು.

ಮಸಿಯಕ್ಕನ ಅಚ್ಚಿನ ಕೋಣೆಯ ಮೇಜಿನ ಮೇಲೆ ಒಂದು ಕಾಗದವಿತ್ತು. ದಪ್ಪನೆಯ, ದುಬಾರಿ ಕಾಗದ. ಅದರಲ್ಲಿ ಏಳು ಸಾಲಿನ ಕ್ಷಮಾಪಣೆ ಅಚ್ಚಾಗಿತ್ತು. ಏಳನೆಯ ಸಾಲಿನ ಕೆಳಗೆ ಸಹಿಗೆಂದು ಜಾಗ ಬಿಟ್ಟಿದ್ದರು.

ಮಸಿಯಕ್ಕ ಪೆನ್ನಿನ ಕಡೆ ನೋಡಲಿಲ್ಲ.

"ನಾನು ಸಹಿ ಹಾಕೋದು ಪೆನ್ಸಿಲಲ್ಲಿ," ಎಂದಳು. "ಅದೂ ನಾನು ಮಾಡಿದ ಕೆಲಸಕ್ಕೆ ಮಾತ್ರ."

ಅವಳ ಬೆರಳುಗಳ ಗೆರೆಗಳಲ್ಲಿ ಮೂವತ್ತೈದು ವರ್ಷದ ಕಪ್ಪು ಕೂತಿತ್ತು. ತಾಮ್ರದ ತಗಡಿಗೆ ಮಸಿ ತಿಕ್ಕಿ ತಿಕ್ಕಿ ಬಂದ ಕಪ್ಪು. ಬೀದಿಯ ಮಕ್ಕಳು ಇಟ್ಟ ಹೆಸರು ಈಗ ಊರಿಗೆಲ್ಲ ರೂಢಿಯಾಗಿಬಿಟ್ಟಿತ್ತು. ಅವಳಿಗೆ ಬೇಜಾರಿರಲಿಲ್ಲ. ಬೇಜಾರಾಗಿದ್ದು ನಾಲ್ಕು ದಿನದಿಂದ ಗ್ಯಾಲರಿಯವರು ಬೆನ್ನ ಹಿಂದೆ ಕರೆಯುತ್ತಿದ್ದ ಇನ್ನೊಂದು ಹೆಸರಿನಿಂದ. ಕಳ್ಳಿ.

'ಗಡಿಯಾರದ ಕಟ್ಟಡ' ಎಂಬ ಚಿತ್ರದ ಹನ್ನೆರಡೇ ಪ್ರತಿ ತೆಗೆದಿದ್ದೇನೆಂದು ಜನರನ್ನು ನಂಬಿಸಿ, ಕದ್ದು ಇನ್ನಷ್ಟು ಪ್ರತಿ ತೆಗೆದು ಮಾರಿದ್ದಾಳೆ ಎಂಬುದು ಅವಳ ಮೇಲಿದ್ದ ಆರೋಪ.

"ಅಕ್ಕಾ, ನಾನು ಗಟ್ಟಿಯಾಗಿ ಮಾತಾಡೋ ಮನುಷ್ಯ ಅಲ್ಲ," ಎಂದರು ಯಜಮಾನರು. ನಿಜವೇ. ಅವರ ದನಿ ಯಾವಾಗಲೂ ರೇಷ್ಮೆಯ ಹಾಗೆ. "ಇವತ್ತು ಐದು ಗಂಟೆಯೊಳಗೆ ಸಹಿ ಹಾಕಿದ್ರೆ ವಿಷಯ ಇಲ್ಲಿಗೇ ಮುಗೀತು. ನಾಳೆಯ ನಿಮ್ಮ ಪ್ರದರ್ಶನ ಇರಲ್ಲ, ಅಷ್ಟೇ. ಹಾಕದಿದ್ರೆ ನಾಳೆ ಬೆಳಗ್ಗೆ ಕಲಾವಿದರ ಸಂಘಕ್ಕೆ, ಎಲ್ಲ ಗ್ಯಾಲರಿಗಳಿಗೆ, ಪತ್ರಿಕೆಗಳಿಗೆ ನಾನೇ ಬರೀಬೇಕಾಗುತ್ತೆ. ಆಮೇಲೆ ನೀವು ಯಾವ ಹಾಳೆ ಮೇಲೆ ನಂಬರ್ ಹಾಕಿದ್ರೂ ಯಾರೂ ನಂಬಲ್ಲ."

"ಸಹಿ ಹಾಕಿದ್ರೂ ನಂಬಲ್ಲ."

"ಹೊರಗೆ ಯಾರಿಗೂ ಗೊತ್ತಾಗೋದೇ ಇಲ್ಲವಲ್ಲ."

"ನನಗೆ ಗೊತ್ತಿರುತ್ತಲ್ಲ!"

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮುದುಕಿಯೊಬ್ಬರು ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡರು. ಅವರು ಮಸಿಯಕ್ಕನ ಅತ್ತಿಗೆ. ಪುರಸಭೆಯ ನಕ್ಷೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ಊರಿನ ಯಾವ ಚರಂಡಿ ಯಾವ ಮನೆಯ ಅಡಿಯಲ್ಲಿ ತಿರುಗುತ್ತದೆ ಎಂದು ಈಗಲೂ ಕಣ್ಮುಚ್ಚಿ ಹೇಳಬಲ್ಲರು. ಎಲ್ಲರೂ ಕರೆಯುವುದು ನಕ್ಷೆಯಮ್ಮ ಎಂದು. ನಿವೃತ್ತಿಯಾದ ಮೇಲೆ ಕಳೆದುಹೋದ ವಸ್ತು, ಕಾಣೆಯಾದ ಮನುಷ್ಯ, ಅಳತೆ ತಪ್ಪಿದ ಗೋಡೆ, ಎಲ್ಲಕ್ಕೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಅವರೂ ಇಲ್ಲವೆನ್ನುತ್ತಿರಲಿಲ್ಲ.

ಅವರ ಕುರ್ಚಿ ಕುಂಟುತ್ತಿತ್ತು. ಮಸಿಯಕ್ಕನ ಚಿತ್ರಗಳಿಗೆ ಚೌಕಟ್ಟು ಹಾಕುವವನು ಬಂದವನೇ ಅದನ್ನು ಗಮನಿಸಿ, ಒಂದು ರಟ್ಟಿನ ಚೂರು ಮಡಚಿ ಕಾಲಿನ ಕೆಳಗೆ ತೂರಿಸಿ, ಏನೂ ಮಾಡದವನ ಹಾಗೆ ಹೋಗಿ ಗೋಡೆಗೆ ಒರಗಿ ನಿಂತಿದ್ದ. ನಕ್ಷೆಯಮ್ಮ ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು. ಇವನೂ ಸಂಶಯದ ಪಟ್ಟಿಯಲ್ಲಿದ್ದವನೇ. ಆದರೂ ಬರೆದಿಟ್ಟುಕೊಂಡಿದ್ದರು.

"ಸ್ವಾಮಿ, ಆ ಹಾಳೆಗಳನ್ನ ಇನ್ನೊಂದು ಸಲ ನೋಡಬಹುದಾ?" ಎಂದರು.

"ನಿನ್ನೆಯಿಂದ ಇದು ಐದನೇ ಸಲ ಅಮ್ಮಾ."

"ವಯಸ್ಸಾಯ್ತು. ಒಂದೇ ಸಲಕ್ಕೆ ಕಾಣಿಸಲ್ಲ."

ಯಜಮಾನರು ನಕ್ಕರು. ಚರ್ಮದ ಕೋಶದಿಂದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿದರು. ಅಷ್ಟೇ ಅಲ್ಲ, ಮೇಜಿನ ದೀಪವನ್ನೂ ಮುದುಕಿಯ ಕಡೆಗೆ ತಿರುಗಿಸಿ ಕೊಟ್ಟರು. ನಕ್ಷೆಯಮ್ಮ ಅದನ್ನೂ ಗಮನಿಸಿದರು. ಎದುರಾಳಿ ದೀಪ ತಿರುಗಿಸಿಕೊಟ್ಟರೆ, ಒಂದೋ ಅವನಿಗೆ ಭಯವಿಲ್ಲ, ಇಲ್ಲವೇ ಅವನು ಒಳ್ಳೆಯ ತಾಯಿಯ ಮಗ. ಯಾವುದೆಂದು ಇನ್ನೂ ತಿಳಿದಿರಲಿಲ್ಲ.

ನಾಲ್ಕು ಹಾಳೆಯಲ್ಲೂ ಅದೇ ಕಟ್ಟಡ. ಹಳೆಯ ತಂತಿ ಕಚೇರಿ. ಮೂರು ಮಹಡಿ, ಕಬ್ಬಿಣದ ಸುರುಳಿ ಮೆಟ್ಟಿಲು, ಸಾಲು ಕಮಾನು, ಮೇಲೆ ನಿಂತುಹೋದ ಗಡಿಯಾರ. ಪಕ್ಕದ ತಾರಸಿಗಳ ನೀರಿನ ತೊಟ್ಟಿಗಳು, ಒಗೆದ ಬಟ್ಟೆಯ ಸಾಲು, ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡ ಚೂರು ಆಕಾಶ. ಮಸಿಯಕ್ಕ ಎದುರಿನ ಫುಟ್‌ಪಾತಿನಲ್ಲಿ ಹತ್ತೊಂಬತ್ತು ದಿನ ಕೂತು, ತೊಡೆಯ ಮೇಲೆ ತಗಡು ಇಟ್ಟುಕೊಂಡು, ಬೆನ್ನ ಹಿಂದಿನ ಕಟ್ಟಡವನ್ನು ಕನ್ನಡಿಯಲ್ಲಿ ನೋಡುತ್ತಾ ಸೂಜಿಯಿಂದ ಗೀಚಿದ್ದಳು. ಕನ್ನಡಿಯಲ್ಲಿ ತಿರುಗಿದ್ದು ಅಚ್ಚಿನಲ್ಲಿ ಮತ್ತೆ ತಿರುಗಿ ನೇರವಾಗುತ್ತದೆ. ಆಮೇಲೆ ಆ ತಗಡನ್ನು ಆಮ್ಲದಲ್ಲಿ ಅದ್ದಿ ಗೆರೆ ಆಳ ಮಾಡಿ, ಮಸಿ ತುಂಬಿ, ಹನ್ನೆರಡು ಪ್ರತಿ ತೆಗೆದಿದ್ದಳು. ಆರು ವರ್ಷದ ಹಿಂದಿನ ಮಾತು.

ಹನ್ನೆರಡಾದ ಮೇಲೆ ತಗಡಿನ ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆದು ಅದನ್ನು ಕೊಂದಿದ್ದಳು. ಹಾಗೆ ಕೊಂದ ತಗಡಿನಿಂದ ಮತ್ತೆ ಪ್ರತಿ ತೆಗೆದರೆ ಆ ಗೀಟುಗಳೂ ಅಚ್ಚಾಗುತ್ತವೆ. ಈ ಕಸುಬಿನಲ್ಲಿ ಅದೊಂದು ಮಾತು ಕೊಟ್ಟ ಹಾಗೆ.

ಮೇಜಿನ ಮೇಲಿದ್ದವುಗಳಲ್ಲಿ ಒಂದು ಅಸಲಿ ಐದನೆಯ ಪ್ರತಿ. ಕೊಂಡವರ ಮನೆಯಿಂದ ಕೇಳಿ ತಂದದ್ದು. ಉಳಿದ ಮೂರು ಕಳೆದ ತಿಂಗಳು ಬೇರೆಬೇರೆ ಕಡೆ ಸಿಕ್ಕಿದವು. ಅವುಗಳಲ್ಲೊಂದರ ಮೇಲೂ ಐದು ಎಂದೇ ಇತ್ತು. ಅದೇ ಕಾಗದ, ಅದೇ ಪೆನ್ಸಿಲ್ ಸಹಿ.

"ನೋಡಿ ಅಮ್ಮಾ," ಎಂದರು ಯಜಮಾನರು. "ಈ ಮೂರರಲ್ಲಿ ಎಲ್ಲಾದ್ರೂ ಆ ಎರಡು ಗೀಟು ಇದೆಯಾ? ಇಲ್ಲ. ಅಂದ್ರೆ ಇವು ಗೀಟು ಎಳೆಯೋ ಮುಂಚೆ ತೆಗೆದದ್ದು. ಆಗ ತಗಡು ಯಾರ ಕೈಯಲ್ಲಿತ್ತು? ಇವರ ಕೈಯಲ್ಲಿ. ಇನ್ನು ನಾನೇನು ಹೇಳಲಿ?"

ನಾಲ್ಕು ದಿನದಿಂದ ಮಸಿಯಕ್ಕನಿಗೆ ಉತ್ತರ ಹೊಳೆಯದ ಪ್ರಶ್ನೆ ಇದೊಂದೇ.

ನಕ್ಷೆಯಮ್ಮ ಕೈಚೀಲದೊಳಗೆ ಕೈ ಹಾಕಿ ತಡಕಾಡಿದರು. ಮೊದಲು ಕರ್ಚೀಫು ಬಂತು. ಆಮೇಲೆ ಮಾತ್ರೆಯ ಪಟ್ಟಿ. ಆಮೇಲೆ ಒಂದು ಉಕ್ಕಿನ ಅಳತೆಪಟ್ಟಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮೇಲಧಿಕಾರಿ ತಮ್ಮ ಜೇಬಿನಿಂದ ತೆಗೆದು ಕೊಟ್ಟಿದ್ದ ಪಟ್ಟಿ. 'ಮರದ್ದು ಸುಳ್ಳು ಹೇಳುತ್ತೆ ಮಗಳೇ, ಉಕ್ಕಿನದು ಇಟ್ಟುಕೋ' ಎಂದಿದ್ದರು.

"ನಾನು ನಿನ್ನೆಯೆಲ್ಲ ಗೆರೆ ನೋಡ್ತಾ ಕೂತೆ," ಎಂದರು ನಕ್ಷೆಯಮ್ಮ. "ಸಹಿ ನೋಡಿದೆ, ಕಾಗದ ನೋಡಿದೆ. ರಾತ್ರಿ ಮಲಗೋವಾಗ ನೆನಪಾಯ್ತು, ನನ್ನ ಕಸುಬು ನೋಡೋದಲ್ಲ, ಅಳೆಯೋದು ಅಂತ. ಮಸೀ, ಆ ತಗಡು ಎಷ್ಟು ಉದ್ದ?"

"ಇನ್ನೂರು ಮಿಲಿಮೀಟರ್. ನನ್ನ ಕಟ್ಟಡಗಳ ಸರಣಿಯ ತಗಡೆಲ್ಲ ಇನ್ನೂರಕ್ಕೆ ನೂರೈವತ್ತು."

"ತಂದು ತೋರಿಸು."

ಮಸಿಯಕ್ಕ ಕಪಾಟಿನಿಂದ ಬಟ್ಟೆ ಸುತ್ತಿದ ತಗಡನ್ನು ತಂದಳು. ಬಿಚ್ಚಿದಾಗ ತಾಮ್ರ ಬೆಳಗಿತು. ಗಡಿಯಾರದ ಕಟ್ಟಡದ ಎದೆಯ ಮೇಲೆ ಎರಡು ಅಡ್ಡ ಗೀಟು. ನಕ್ಷೆಯಮ್ಮ ಪಟ್ಟಿ ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇನ್ನೂರು.

ಆಮೇಲೆ ಅಸಲಿ ಐದನೆಯ ಪ್ರತಿ. ಪ್ರೆಸ್ಸಿನ ಒತ್ತಡಕ್ಕೆ ತಗಡಿನ ಅಂಚು ಕಾಗದದಲ್ಲಿ ಇಳಿದು ಒಂದು ತಗ್ಗಿನ ಚೌಕ ಮೂಡಿರುತ್ತದೆ. ಅದರ ಉದ್ದ ಅಳೆದರು.

"ನೂರತೊಂಬತ್ತೆಂಟು."

"ಎರಡು ಎಲ್ಲಿ ಹೋಯ್ತು?" ಎಂದರು ಯಜಮಾನರು, ಮಗ್ಗಿ ತಪ್ಪಿದ ಮಕ್ಕಳನ್ನು ಕೇಳುವವರಂತೆ.

"ಎಲ್ಲೂ ಹೋಗಿಲ್ಲ, ಒಣಗಿದೆ," ಎಂದಳು ಮಸಿಯಕ್ಕ. "ಅಚ್ಚು ಹಾಕೋ ಮುಂಚೆ ಕಾಗದ ನೆನೆಸ್ತೀವಿ. ನೆಂದ ಕಾಗದ ಹಿಗ್ಗುತ್ತೆ. ಹಿಗ್ಗಿದ್ದಾಗ ಅಚ್ಚು ಬೀಳುತ್ತೆ. ಒಣಗಿದಾಗ ಕಾಗದ ಕುಗ್ಗುತ್ತೆ, ಜೊತೆಗೆ ಚಿತ್ರನೂ ಕುಗ್ಗುತ್ತೆ."

"ನಮ್ಮ ನಕ್ಷೆಗಳೂ ಹಾಗೇ," ಎಂದರು ನಕ್ಷೆಯಮ್ಮ. "ಎಷ್ಟೋ ಮಳೆಗಾಲ, ಎಷ್ಟೋ ಬೇಸಿಗೆ ಕಂಡ ಕಾಗದ. ಅದಕ್ಕೇ ನಕ್ಷೆಯ ಮೂಲೇಲಿ ಅಳತೆಗೆರೆ ಬರೀತೀವಿ. ಕಾಗದ ಕುಗ್ಗಿದ್ರೆ ಗೆರೆನೂ ಕುಗ್ಗಲಿ, ಲೆಕ್ಕ ತಪ್ಪದೇ ಇರಲಿ ಅಂತ. ಈಗ ಇದು ನೋಡಿ."

ಅವರು ಎರಡನೆಯ ಹಾಳೆಯ ಮೇಲೆ ಪಟ್ಟಿ ಇಟ್ಟರು. ಬಗ್ಗಿ ನೋಡಿದರು. ಮೂರನೆಯದರ ಮೇಲೆ. ನಾಲ್ಕನೆಯದರ ಮೇಲೆ.

ಕೋಣೆಯಲ್ಲಿ ಎಲ್ಲರ ಮೈಯೂ ಕಿವಿಯಾಗಿತ್ತು.

"ನೂರತೊಂಬತ್ತಾರು. ನೂರತೊಂಬತ್ತಾರು. ಇದೂ ನೂರತೊಂಬತ್ತಾರು."

ಮಸಿಯಕ್ಕ ಕುರ್ಚಿಯಿಂದ ಎದ್ದು ನಿಂತಳು.

"ಅತ್ತಿಗೆ!"

"ತಾಳು. ಇವು ನಿನ್ನ ತಗಡಿಂದ ಬಂದಿದ್ರೆ ನೂರತೊಂಬತ್ತೆಂಟು ಇರಬೇಕಿತ್ತು. ಕಾಗದ ಅದೇ. ಬೆಳಕಿಗೆ ಹಿಡಿದು ಒಳಗಿನ ಕಾರ್ಖಾನೆ ಗುರುತು ನೋಡಿದ್ದೀನಿ, ನಾರಿನ ಎಳೆ ಹೋಗೋ ದಿಕ್ಕೂ ಅದೇ. ಹಾಗಾದ್ರೆ ಅಷ್ಟೇ ಕುಗ್ಗಬೇಕು. ಇನ್ನೂರು ಎರಡು ಕುಗ್ಗಿ ನೂರತೊಂಬತ್ತೆಂಟಾಯ್ತು. ನೂರತೊಂಬತ್ತಾರು ಆಗಬೇಕಾದ್ರೆ ತಗಡು ಎಷ್ಟಿರಬೇಕು?"

"ನೂರತೊಂಬತ್ತೆಂಟು," ಎಂದ ಚೌಕಟ್ಟಿನವನು ಗೋಡೆಯ ಪಕ್ಕದಿಂದ. ಹೇಳಿ ತಾನೇ ಬೆಚ್ಚಿದ.

"ಹೌದಪ್ಪಾ. ಯಾರೋ ಒಣಗಿದ ಹಾಳೆಯೊಂದನ್ನ ಮುಂದಿಟ್ಟುಕೊಂಡು, ಫೋಟೊ ತೆಗೆದು, ಹೊಸ ತಗಡು ಮಾಡಿಸಿದ್ದಾರೆ. ಅಳತೆ ತಪ್ಪಬಾರದು ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಾಳೆ ಮೇಲಿನ ಚಿತ್ರದಷ್ಟೇ ತಗಡು ಕತ್ತರಿಸಿದ್ದಾರೆ. ಅಷ್ಟು ಜಾಗ್ರತೆ ವಹಿಸಿದ್ದೇ ತಪ್ಪಾಯ್ತು. ಅವರು ಅಚ್ಚು ಹಾಕಿದ ಮೇಲೆ ಅದು ಇನ್ನೊಂದು ಸಲ ಕುಗ್ಗಿತು."

ಯಜಮಾನರು ಮೆತ್ತಗೆ ಚಪ್ಪಾಳೆ ತಟ್ಟಿದರು, ಎರಡೇ ಸಲ.

"ಚೆನ್ನಾಗಿದೆ ಅಮ್ಮಾ. ಆದ್ರೆ ಒಂದು ಹಾಳೆ ಇಷ್ಟು ಕುಗ್ಗುತ್ತೆ, ಇನ್ನೊಂದು ಅಷ್ಟು ಕುಗ್ಗುತ್ತೆ. ಹವೆ, ತೇವ, ಏನೇನೋ. ಎರಡು ಮಿಲಿಮೀಟರ್ ನಂಬಿಕೊಂಡು ಸಂಘದ ಮುಂದೆ ನಿಲ್ತೀರಾ? ಮೇಲಾಗಿ ಅಳೆದವರು ಇವರ ಸ್ವಂತ ಅತ್ತಿಗೆ. ಜನ ನಗ್ತಾರೆ."

"ಹಾಗಾದ್ರೆ ನೀವೇ ಅಳೀರಿ," ಎಂದಳು ಮಸಿಯಕ್ಕ.

"ಏನನ್ನ?"

"ಈಗ ಅಚ್ಚು ಹಾಕ್ತೀನಿ. ನಿಮ್ಮ ಕಣ್ಣೆದುರಿಗೇ. ಕುಗ್ಗೋದು ನಾವು ಕಟ್ಟಿದ ಕತೆಯಾ ನಿಜವಾ, ನೀವೇ ನೋಡಿ."

ಅವಳು ಆಗಲೇ ತಗಡನ್ನು ಬಿಸಿ ಹಂಚಿನ ಮೇಲೆ ಇಟ್ಟಾಗಿತ್ತು. ಮಸಿಯ ಡಬ್ಬಿ ತೆರೆದಳು. ಚರ್ಮದ ಉಂಡೆಯಿಂದ ಗೆರೆಗಳಿಗೆಲ್ಲ ಕಪ್ಪು ತುಂಬಿಸಿ, ಒರಟು ಬಟ್ಟೆಯಿಂದ ವೃತ್ತ ವೃತ್ತವಾಗಿ ಒರೆಸಿ, ಕೊನೆಗೆ ಅಂಗೈಯಿಂದಲೇ ಸವರಿದಳು. ಅಂಗೈ ಸವರಿದ ಕಡೆ ತಾಮ್ರ ಮಿಂಚಿ, ಗೆರೆ ಮಾತ್ರ ಕಪ್ಪಾಗಿ ಉಳಿಯಿತು. ನಾಲ್ಕು ದಿನ ತಲೆ ತಗ್ಗಿಸಿ ಓಡಾಡಿದ್ದ ಹೆಂಗಸು ಇವಳೇನಾ ಎನ್ನುವಂತಿತ್ತು ಅವಳ ಭುಜ.

"ನಿಮ್ಮ ತೋಳು ದೂರ ಇಟ್ಟುಕೊಳ್ಳಿ," ಎಂದಳು ಯಜಮಾನರಿಗೆ. "ಬಿಳಿ ಅಂಗಿ. ಈ ಮಸಿ ಹೋಗಲ್ಲ." ಗೂಟದಿಂದ ಒಂದು ಟವೆಲ್ ತೆಗೆದು ಅವರತ್ತ ಎಸೆದಳು.

"ಆ ಕಾಗದ ಉಳಿದಿಲ್ಲ ಅಕ್ಕಾ," ಎಂದು ಚೌಕಟ್ಟಿನವನು ನೆನಪಿಸಿದ. "ಆ ಕಾರ್ಖಾನೆ ಮುಚ್ಚಿ ವರ್ಷ ಎರಡಾಯ್ತು."

ಮಸಿಯಕ್ಕ ಸುತ್ತ ನೋಡಿದಳು. ಗೋಡೆಯ ತುಂಬ ತಾರಸಿಗಳ, ಬಾಲ್ಕನಿಗಳ, ಸೇತುವೆಗಳ ಬಣ್ಣದ ಚಿತ್ರಗಳು, ನಾಳೆಯ ಪ್ರದರ್ಶನಕ್ಕೆ ಸಿದ್ಧವಾಗಿ ಹಗ್ಗ ಕಟ್ಟಿಸಿಕೊಂಡು ಕಾಯುತ್ತಿದ್ದವು. ಕಪಾಟಿನಲ್ಲಿ ತೆಳ್ಳನೆಯ ಕಾಗದ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳ ಕಣ್ಣು ತಿರುಗಿ ಮೇಜಿಗೆ ಬಂತು.

"ಇದು ಹತ್ತಿಯ ಕಾಗದ ಅಲ್ವಾ?" ಎಂದು ಕೇಳಿದಳು.

"ಹೌದು, ನಮ್ಮ ಗ್ಯಾಲರಿಯದು," ಎಂದರು ಯಜಮಾನರು ಹೆಮ್ಮೆಯಿಂದ. ಆಮೇಲೆ ಅವರಿಗೆ ಹೊಳೆಯಿತು. "ಏ, ಏನ್ ಮಾಡ್ತಿದ್ದೀರಿ?"

ಕ್ಷಮಾಪಣೆಯ ಕಾಗದ ಆಗಲೇ ನೀರಿನ ತಟ್ಟೆಯೊಳಗೆ ಮುಳುಗಿತ್ತು.

"ಒಳ್ಳೇ ಕಾಗದ," ಎಂದಳು ಮಸಿಯಕ್ಕ. "ಹಾಳು ಮಾಡೋದು ಬೇಡ."

ನಕ್ಷೆಯಮ್ಮನಿಗೆ ನಗು ತಡೆಯಲಾಗಲಿಲ್ಲ. ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದರು.

ತಗಡು ಪ್ರೆಸ್ಸಿನ ಹಲಗೆಯ ಮೇಲೆ ಕೂತಿತು. ಅದರ ಮೇಲೆ ನೆಂದ ಕಾಗದ, ಅದರ ಮೇಲೆ ಕಂಬಳಿ. ಚೌಕಟ್ಟಿನವನು ಕೇಳದೆಯೇ ಬಂದು ಚಕ್ರದ ಇನ್ನೊಂದು ತೋಳು ಹಿಡಿದ. ಅಕ್ಕನ ಬಲಭುಜ ಎರಡು ವರ್ಷದಿಂದ ನೋಯುತ್ತದೆಂದು ಅವನಿಗೆ ಗೊತ್ತಿತ್ತು. ಭಾರದ ಉರುಳೆ ನರಳುತ್ತಾ ಹೊರಳಿತು.

ಕಾಗದ ಎತ್ತಿದಾಗ ಏಳು ಸಾಲುಗಳ ಮೇಲೆ ಗಡಿಯಾರದ ಕಟ್ಟಡ, ಆ ಎರಡು ಗೀಟುಗಳ ಸಮೇತ, ಎದ್ದು ನಿಂತಿತ್ತು. 'ನನ್ನಿಂದಾದ ಅಪರಾಧಕ್ಕೆ' ಎಂಬ ಮಾತಿನ ಮೇಲೆ ಕಬ್ಬಿಣದ ಮೆಟ್ಟಿಲು ಸುತ್ತಿಕೊಂಡಿತ್ತು. ಸಹಿಯ ಜಾಗದಲ್ಲಿ ಯಾರದೋ ತಾರಸಿಯ ನೀರಿನ ತೊಟ್ಟಿ.

"ಇಸ್ತ್ರಿಪೆಟ್ಟಿಗೆ ಹಾಕಪ್ಪಾ," ಎಂದಳು ಮಸಿಯಕ್ಕ.

ಚೌಕಟ್ಟಿನವನು ಒತ್ತುಕಾಗದಗಳ ನಡುವೆ ಹಾಳೆ ಇಟ್ಟು, ಬೆಚ್ಚಗಿನ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಆಡಿಸಿದ. ಹಾಳೆ ಒಣಗಲು ಕಾಲು ಗಂಟೆ ಹಿಡಿಯಿತು. ಕೆಳಗಿನ ಬೀದಿಯಲ್ಲಿ ಬಸ್ಸೊಂದು ಬಂದು ಜನರನ್ನಿಳಿಸಿ ಹೋಯಿತು.

ನಕ್ಷೆಯಮ್ಮ ಉಕ್ಕಿನ ಪಟ್ಟಿಯನ್ನು ಯಜಮಾನರ ಕೈಗೇ ಕೊಟ್ಟರು.

ಅವರು ಅಳೆದರು. ಕನ್ನಡಕ ತೆಗೆದು ಮತ್ತೊಮ್ಮೆ ಅಳೆದರು. ಸುಳ್ಳು ಹೇಳಲು ಅವರಿಗೆ ಬೇಕಾದಷ್ಟು ಸಮಯವಿತ್ತು.

"ನೂರತೊಂಬತ್ತೇಳೂವರೆ," ಎಂದರು.

ಹೇಳಿದ್ದನ್ನು ನಕ್ಷೆಯಮ್ಮ ಮೆಚ್ಚಿಕೊಂಡರು. ಈ ಮನುಷ್ಯ ಹೆದರಿಸಬಲ್ಲ, ಒತ್ತಾಯ ಮಾಡಬಲ್ಲ. ಅಂಕಿ ತಿರುಚಲಾರ.

"ಇನ್ನೂರರ ತಗಡಿಂದ," ಎಂದಳು ಮಸಿಯಕ್ಕ. "ಕುಗ್ಗುತ್ತೆ ಅನ್ನೋದು ನಾವು ಕಟ್ಟಿದ ಕತೆ ಅಲ್ಲ. ಬೇರೆ ಕಾಗದವಾದ್ರೂ ಅರ್ಧ ಮಿಲಿಮೀಟರ್ ಅಷ್ಟೇ ವ್ಯತ್ಯಾಸ."

"ಸರಿ. ಹಾಗಾದ್ರೆ ಕಳ್ಳ ಬೇರೆಯವರು," ಎಂದರು ಯಜಮಾನರು. ಅವರ ದನಿಯ ರೇಷ್ಮೆ ಮೊದಲ ಬಾರಿಗೆ ಸ್ವಲ್ಪ ಹರಿದಿತ್ತು. ಅವರು ಗೋಡೆಯ ಕಡೆ ತಿರುಗಿದರು. "ಅಚ್ಚು ಹಾಕೋರು ತಗಡು ಅಳೀತಾರೆ. ಒಣಗಿದ ಹಾಳೆ ಅಳೆಯೋರು ಯಾರು? ಚೌಕಟ್ಟು ಹಾಕೋರು."

ಒದ್ದೆ ಒತ್ತುಕಾಗದಗಳನ್ನು ಒಣಗಿಸುತ್ತಿದ್ದ ಚೌಕಟ್ಟಿನವನ ಇಸ್ತ್ರಿಪೆಟ್ಟಿಗೆ ಮೇಜಿನ ಮೇಲೆ ಹಾಗೆಯೇ ನಿಂತಿತು.

"ನಾನಾ?" ಎಂದ. "ಅಕ್ಕಾ, ನಾನಾ?"

"ಪೆಟ್ಟಿಗೆ ಎತ್ತೋ ಮಾರಾಯಾ, ಮೇಜು ಸುಡುತ್ತೆ," ಎಂದಳು ಮಸಿಯಕ್ಕ. "ನೀನಲ್ಲ ಅಂತ ನನಗೆ ಗೊತ್ತು."

"ನಿಮಗೆ ಗೊತ್ತಿದ್ರೆ ಸಾಕಾ? ಇವರಿಗೆ ಗೊತ್ತಾಗಬೇಕಲ್ಲ!" ಅವನ ಕಣ್ಣು ಕೆಂಪಾಗಿತ್ತು. "ಸಾರ್, ಇಪ್ಪತ್ತೆರಡು ವರ್ಷದಿಂದ ಚೌಕಟ್ಟು ಹಾಕ್ತಿದ್ದೀನಿ. ನಿಮ್ಮ ಗ್ಯಾಲರಿಗೂ ಹಾಕಿದ್ದೀನಿ. ಒಂದು ಗಾಜು ಒಡೆದು ಕೊಟ್ಟಿದ್ದೀನಾ? ನನ್ನ ಕೈಗೆ ಬಂದ ಹಾಳೆ ಎಲ್ಲಾ ನೂರತೊಂಬತ್ತೆಂಟೇ, ನಾನೇ ಹೇಳ್ತೀನಿ. ಹನ್ನೊಂದು ಹಾಳೆಗೂ ಒಂದೇ ಅಳತೆಯ ಕಿಟಕಿ ಕತ್ತರಿಸಿದ್ದೆ."

"ಹನ್ನೊಂದಾ?" ಎಂದರು ನಕ್ಷೆಯಮ್ಮ.

"ಹೌದಮ್ಮಾ. ಒಂದು ನನ್ನ ಹತ್ತಿರ ಬರಲೇ ಇಲ್ಲ. ಒಂಬತ್ತನೇದು."

ಮಸಿಯಕ್ಕ ಮಸಿಯ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

ನಕ್ಷೆಯಮ್ಮ ಅದನ್ನು ನೋಡಿದರು. ಏನೂ ಕೇಳಲಿಲ್ಲ. ಕೈಚೀಲದಿಂದ ಭೂತಗನ್ನಡಿ ತೆಗೆದು ನಕಲಿ ಹಾಳೆಗಳ ಮೇಲೆ ಬಗ್ಗಿದರು. ಗೆರೆಯನ್ನಲ್ಲ, ಈ ಸಲ ಅವರು ನೋಡಿದ್ದು ಗೆರೆಯಿಲ್ಲದ ಜಾಗ. ಗಡಿಯಾರದ ಪಕ್ಕದ ಆಕಾಶವನ್ನು ಮಸಿಯಕ್ಕ ತೆಳುವಾದ ಬೂದುಬಣ್ಣದಲ್ಲಿ ತುಂಬಿದ್ದಳು. ಅದರೊಳಗೆ ಬಿಳಿಯ ಒಂದು ಸಣ್ಣ ಗೆರೆ. ಗಾಳದ ಕೊಕ್ಕೆಯ ಹಾಗೆ ಬಾಗಿದ್ದು. ಉಗುರಿನ ಅಗಲವೂ ಇಲ್ಲ.

ಮೂರೂ ನಕಲಿಯಲ್ಲಿ ಅದೇ ಜಾಗದಲ್ಲಿ ಅದೇ ಕೊಕ್ಕೆ. ಅಸಲಿ ಐದನೆಯದರಲ್ಲಿ ಇರಲಿಲ್ಲ.

"ಮಸೀ, ಇದೇನು?"

ಮಸಿಯಕ್ಕ ಬಂದು ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಕೂದಲು," ಎಂದಳು ಕೊನೆಗೆ. "ಅಚ್ಚು ಹಾಕೋವಾಗ ತಗಡಿನ ಮೇಲೆ ಕೂದಲು ಬಿದ್ರೆ ಅಲ್ಲಿ ಮಸಿ ಹತ್ತಲ್ಲ, ಬಿಳಿಯಾಗಿ ಉಳಿಯುತ್ತೆ. ಆ ಒಂದು ಹಾಳೆಗೆ ಮಾತ್ರ. ಮುಂದಿನ ಹಾಳೆಗೆ ತಗಡು ಒರೆಸಿದಾಗ ಕೂದಲು ಹೋಗಿರುತ್ತೆ."

"ಮೂರರಲ್ಲೂ ಇದೆ."

"ಇದೆ."

"ಅಂದ್ರೆ ಫೋಟೊ ತೆಗೆದ ಹಾಳೇಲೇ ಆ ಕೂದಲಿತ್ತು. ಯಾವ ಹಾಳೆ?"

ಮಸಿಯಕ್ಕ ಭೂತಗನ್ನಡಿಯನ್ನು ಅತ್ತ ಸರಿಸಿದಳು.

"ನಾನು ಚೌಕಟ್ಟು ಹಾಕಿದ ಯಾವುದರಲ್ಲೂ ಇದಿರಲಿಲ್ಲ," ಎಂದ ಚೌಕಟ್ಟಿನವನು ಮೆಲ್ಲಗೆ. ತನ್ನ ಮೇಲಿನ ಮಾತು ಕಳಚಿತೆಂದು ಅವನಿಗೆ ಸಮಾಧಾನವಾಗಬೇಕಿತ್ತು. ಅಕ್ಕನ ಮುಖ ನೋಡಿ ಅದೂ ಆಗಲಿಲ್ಲ.

"ಒಂಬತ್ತನೆಯದು ಯಾರ ಹತ್ತಿರ ಇದೆ?" ಯಜಮಾನರು ಕೇಳಿದರು.

"ಹೇಳೋದಿಲ್ಲ."

"ಅಕ್ಕಾ, ಯೋಚನೆ ಮಾಡಿ. ಹೆಸರು ಹೇಳಿದ್ರೆ ನೀವು ಪಾರು. ಹೇಳದಿದ್ರೆ ಒಂಬತ್ತು ನಿಮ್ಮ ಹತ್ತಿರವೇ ಇತ್ತು, ನೀವೇ ಹೊಸ ತಗಡು ಮಾಡಿಸಿದ್ರಿ ಅಂತಾರೆ ಜನ. ಮತ್ತೆ ಅಲ್ಲಿಗೇ ಬಂದ್ವಿ."

"ಅನ್ನಲಿ."

"ನಾಲ್ಕು ದಿನದಿಂದ ನಿಮ್ಮ ಹೆಸರಿಗಾಗಿ ಹಲ್ಲು ಕಚ್ಚಿಕೊಂಡು ನಿಂತಿದ್ದೀರಿ. ಈಗ ಅದು ಕೈಗೆ ಬಂದಾಗ ಬಿಟ್ಟುಕೊಡ್ತೀರಾ?"

"ನನ್ನ ಹೆಸರು ತೊಳೆಯೋಕೆ ಇನ್ನೊಬ್ಬರ ಹೆಸರು ನೀರಾಗಬೇಕಾಗಿಲ್ಲ," ಎಂದಳು ಮಸಿಯಕ್ಕ.

ನಕ್ಷೆಯಮ್ಮ ಎದ್ದು ಬಂದು ನಾದಿನಿಯ ಮಸಿ ಹತ್ತಿದ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದರು. ತಮ್ಮ ಕೈಯೂ ಕಪ್ಪಾಯಿತು. ಲೆಕ್ಕಿಸಲಿಲ್ಲ.

"ಆವತ್ತು ಪ್ರೆಸ್ಸಿನ ಮೇಲೆ ಬಗ್ಗಿ ನೋಡಿದ್ದು ಯಾರು?" ಎಂದರು ಕಿವಿಯ ಹತ್ತಿರ. "ಇಷ್ಟು ಬಾಗಿದ್ದು ತಲೆಕೂದಲಲ್ಲ. ಗಡ್ಡದ್ದು."

ಮಸಿಯಕ್ಕ ಕಣ್ಣು ಮುಚ್ಚಿಕೊಂಡಳು.

"ಮೇಷ್ಟ್ರು," ಎಂದಳು.

ಊರಿಗೆಲ್ಲ ಒಬ್ಬರೇ ಮೇಷ್ಟ್ರು. ಎಂಬತ್ತಾರು ವರ್ಷ. ಸೂಜಿ ಹಿಡಿಯುವುದನ್ನು ಮಸಿಯಕ್ಕನಿಗೆ ಕಲಿಸಿದವರು. ಅವಳಪ್ಪ ಹುಡುಗಿಗೆ ಇದೆಲ್ಲ ಯಾಕೆ ಎಂದಾಗ, ಶುಲ್ಕ ಬೇಡ ಎಂದು ಬರೆದುಕೊಟ್ಟವರು. ಆರು ವರ್ಷದ ಹಿಂದೆ ಅಚ್ಚು ಹಾಕುವ ದಿನ ಈ ಕೋಣೆಗೆ ಬಂದು, ಮಗುವಿನ ಹಾಗೆ ತಗಡಿನ ಮೇಲೆ ಬಗ್ಗಿ ಬಗ್ಗಿ ನೋಡಿದ್ದರು. ಕೂದಲು ಬಿದ್ದ ಹಾಳೆಯನ್ನು ಅವಳು ಹರಿಯಹೊರಟಾಗ, 'ನನ್ನ ಗಡ್ಡ ನಿನ್ನ ಆಕಾಶಕ್ಕೆ ಹೋಗಿದೆ, ಅದು ನನಗೇ ಬೇಕು' ಎಂದು ಸುತ್ತಿಕೊಂಡು ಹೋಗಿದ್ದರು.

"ಅವರಿಗೆ ಹೇಳದೇ ಯಾರೋ ತಗೊಂಡಿರ್ತಾರೆ," ಎಂದಳು ಮಸಿಯಕ್ಕ. "ಅವರ ಮನೆ ಬಾಗಿಲು ಯಾವತ್ತೂ ತೆರೆದೇ ಇರುತ್ತೆ. ಯಾರು ಬೇಕಾದ್ರೂ ಹೋಗಿ ಬರ್ತಾರೆ."

'ಮೇಷ್ಟ್ರು' ಎಂಬ ಮಾತು ಬಿದ್ದ ಕ್ಷಣದಿಂದ ನಕ್ಷೆಯಮ್ಮ ನೋಡುತ್ತಿದ್ದದ್ದು ಮಸಿಯಕ್ಕನನ್ನಲ್ಲ, ಯಜಮಾನರನ್ನು. ಅವರ ಕೈ ಮೇಜಿನ ಮೇಲೆ ಹರಿದು, ಮೂರು ನಕಲಿ ಹಾಳೆಗಳನ್ನು ಸದ್ದಿಲ್ಲದೆ ಒಟ್ಟುಮಾಡುತ್ತಿತ್ತು.

ನಕ್ಷೆಯಮ್ಮ ಉಕ್ಕಿನ ಪಟ್ಟಿಯನ್ನು ಆ ಹಾಳೆಗಳ ಮೇಲೆ ಇಟ್ಟು, ಪಟ್ಟಿಯ ಮೇಲೆ ಅಂಗೈ ಊರಿದರು.

"ಇವು ಇಲ್ಲೇ ಇರಲಿ ಸ್ವಾಮಿ."

"ನನ್ನ ಗ್ಯಾಲರಿಯ ಸ್ವತ್ತು ಅಮ್ಮಾ."

"ಬೆಳಗ್ಗೆಯಿಂದ ಐದು ನಿಮಿಷಕ್ಕೊಮ್ಮೆ ಸಂಘಕ್ಕೆ ತೋರಿಸ್ತೀನಿ ಅಂತಿದ್ರಿ. ಈಗ ಕೋಶಕ್ಕೆ ಯಾಕೆ ಹೋಗ್ತಿವೆ? ಮೇಷ್ಟ್ರ ಹೆಸರು ಕೇಳಿ ಚಳಿಯಾಯ್ತಾ ಅವಕ್ಕೆ?"

ಯಜಮಾನರು ಕೈ ಹಿಂದೆ ತೆಗೆದುಕೊಂಡರು. ಹಣೆಯ ಮೇಲೆ ಬೆವರಿತ್ತು. ಅದು ಸಿಕ್ಕಿಬಿದ್ದವನ ಬೆವರಿನ ಹಾಗೆ ಕಾಣಲಿಲ್ಲ. ಯಾರಿಗೋ ಕೊಟ್ಟ ಮಾತು ಮುರಿದುಹೋಯಿತಲ್ಲ ಎಂಬ ಸಂಕಟದ ಹಾಗಿತ್ತು.

"ಫೋನ್ ಮಾಡಬೇಡಿ ಅಕ್ಕಾ," ಎಂದರು. "ದಯವಿಟ್ಟು."

ಬೇಡವೆಂದದ್ದೇ ಸಾಕಾಯಿತು. ಮಸಿಯಕ್ಕ ಫೋನು ಎತ್ತಿದಳು. ಗುಂಡಿಗಳ ಮೇಲೆಲ್ಲ ಮಸಿಯ ಗುರುತು ಮೂಡಿತು. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

ಆರು ಸಲ ಗಂಟೆ ಬಾರಿಸಿದ ಮೇಲೆ ಆ ಕಡೆಯಿಂದ ಹಳೆಯ ದನಿ ಬಂತು.

"ಹೇಳು ಮಗೂ."

"ಮೇಷ್ಟ್ರೇ, ಹೇಗಿದ್ದೀರಿ? ಒಂದು ಸಣ್ಣ ವಿಷಯ. ಒಂಬತ್ತನೇ ಹಾಳೆ ನಿಮ್ಮ ಗೋಡೆ ಮೇಲೇ ಇದೆಯಾ?"

ಆ ಕಡೆ ಕುರ್ಚಿಯೊಂದು ಕಿರುಗುಟ್ಟಿತು.

"ಆ ಕಾಗದ ತಂದಿದ್ದಾರಾ?" ಎಂದು ಕೇಳಿದರು ಮೇಷ್ಟ್ರು.

"ಯಾವ ಕಾಗದ?"

"ಕ್ಷಮೆ ಕೇಳೋ ಕಾಗದ."

ಮಸಿಯಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಆ ಕಾಗದದ ವಿಷಯ ಈ ಕೋಣೆಯ ನಾಲ್ವರಿಗೆ ಬಿಟ್ಟು ಯಾರಿಗೂ ಗೊತ್ತಿರಬಾರದಿತ್ತು.

"ನಿಮಗೆ ಯಾರು ಹೇಳಿದ್ರು?"

"ಸಹಿ ಹಾಕಿಬಿಡು ಮಗೂ," ಎಂದರು ಮೇಷ್ಟ್ರು. ಆ ದನಿಯಲ್ಲಿ ಆಜ್ಞೆ ಇರಲಿಲ್ಲ. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಅವರು ಅವಳಲ್ಲಿ ಹೀಗೆ ಬೇಡಿದ್ದಿಲ್ಲ. "ನೀನು ಹಾಕದಿದ್ರೆ ನಾಳೆ ಅಂಥದೇ ಕಾಗದಕ್ಕೆ ನಾನು ಹಾಕಬೇಕಾಗುತ್ತೆ."

ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಮಸಿಯಕ್ಕನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಯ ಮೇಲೆ ಕಪ್ಪು ಪಟ್ಟೆ ಎಳೆದುಕೊಂಡಳು. ಆದರೆ ಅವಳು ಮಾತಾಡಿದಾಗ, ನಕ್ಷೆಯಮ್ಮನಿಗೆ ತಮ್ಮ ನಾದಿನಿಯ ದನಿ ಇಷ್ಟು ಗಟ್ಟಿಯಿದೆಯೆಂದು ಮೊದಲ ಸಲ ತಿಳಿಯಿತು.

"ಯಾರೂ ಹಾಕಲ್ಲ ಮೇಷ್ಟ್ರೇ. ನಾನೂ ಇಲ್ಲ, ನೀವೂ ಇಲ್ಲ. ನೀವು ಏನು ಮಾಡಿದ್ದೀರೋ, ಯಾಕೆ ಮಾಡಿದ್ದೀರೋ, ನನ್ನ ಎದುರಿಗೇ ಕೂತು ಹೇಳಿ. ಕೇಳ್ತೀನಿ. ಈಗಲೇ ಹೊರಟೆ. ಬಾಗಿಲಿಗೆ ಅಗುಳಿ ಹಾಕ್ಕೊಳ್ಳಿ. ನಾನು ಬಂದು ಕೂಗೋವರೆಗೂ ಯಾರಿಗೂ ತೆಗೀಬೇಡಿ."

"ತಡವಾಯ್ತು ಮಗೂ," ಎಂದರು ಮೇಷ್ಟ್ರು. "ಅವರು ಒಳಗೇ ಕೂತಿದ್ದಾರೆ."

ಏನೋ ಸರಿದ ಸದ್ದಾಯಿತು. ಮೇಷ್ಟ್ರ ಕೆಮ್ಮು ದೂರವಾಯಿತು. ಫೋನಿನ ಹತ್ತಿರ ಈಗ ಇನ್ನೊಬ್ಬರ ಉಸಿರಿತ್ತು. ನಿಧಾನವಾದ, ಆತುರವಿಲ್ಲದ ಉಸಿರು.

ಕಿಟಕಿಯ ಕಡೆ ನಿಂತಿದ್ದ ಯಜಮಾನರು ತಿರುಗಿ ನೋಡುತ್ತಾ, ಬೇಡವೆಂದು ಎರಡೂ ಕೈ ಆಡಿಸಿದರು.

ಮಸಿಯಕ್ಕ ಅವರ ಕಡೆ ನೋಡದೆ ಫೋನಿಗೆ ಬಗ್ಗಿದಳು.

"ನೀವು ಯಾರೇ ಆಗಿರಿ," ಎಂದಳು, "ಆ ಮುದುಕರ ಕುರ್ಚಿ ಬಿಟ್ಟು ಎದ್ದೇಳಿ. ನಿಮಗೆ ಬೇಕಾದ ಸಹಿ ಇರೋದು ನನ್ನ ಕೈಯಲ್ಲಿ. ಧೈರ್ಯ ಇದ್ರೆ ನಾನು ಬರೋವರೆಗೂ ಅಲ್ಲೇ ಇರಿ."

ಆ ಕಡೆಯವರು ನಕ್ಕರು. ಅದು ಹೆಂಗಸಿನ ನಗು.

ಆ ನಗುವನ್ನು ಮಸಿಯಕ್ಕ ಗುರುತಿಸಲಿಲ್ಲ. ನಕ್ಷೆಯಮ್ಮ ಗುರುತಿಸಿದರು. ನಕ್ಷೆ ವಿಭಾಗದ ಫೋಟೊ ಕೋಣೆಯಿಂದ ವರ್ಷಗಟ್ಟಲೆ ಅವರು ಕೇಳಿದ್ದ ನಗು ಅದು.